ಸೊನ್ನೆಗಿಂತ ಕೆಳಗಿನ ಲೆಕ್ಕ

ಕಾಡಿನಲ್ಲಿ ಕೋತಿಗಳ ಒಂದು ಹಿಂಡು. ಹಿಂಡಿನ ಐದನೆಯ ಒಂದು ಪಾಲಿನಿಂದ ಮೂರನ್ನು ಕಳೆದು, ಉಳಿದದ್ದನ್ನು ವರ್ಗ ಮಾಡಿದರೆ ಎಷ್ಟಾಗುತ್ತದೋ ಅಷ್ಟು ಕೋತಿಗಳು ಗುಹೆ ಹೊಕ್ಕಿವೆ. ಉಳಿದ ಒಂದೇ ಒಂದು ಕೋತಿ ಮರದ ಕೊಂಬೆಯ ಮೇಲೆ ಕಾಣಿಸುತ್ತಿದೆ. ಹಾಗಾದರೆ ಹಿಂಡಿನಲ್ಲಿ ಒಟ್ಟು ಎಷ್ಟು ಕೋತಿಗಳಿವೆ?

ಹನ್ನೆರಡನೆಯ ಶತಮಾನದ ಗಣಿತಜ್ಞ ಭಾಸ್ಕರಾಚಾರ್ಯ ತನ್ನ 'ಬೀಜಗಣಿತ'ದಲ್ಲಿ ಕೇಳಿದ ಪ್ರಶ್ನೆ ಇದು. ಸಮೀಕರಣವನ್ನು ಬಿಡಿಸಿದರೆ ಒಂದಲ್ಲ, ಎರಡು ಉತ್ತರಗಳು ಬರುತ್ತವೆ: 50 ಮತ್ತು 5. ಮೊದಲನೆಯದನ್ನು ತಾಳೆ ನೋಡುವುದು ಸುಲಭ. ಐವತ್ತರ ಐದನೆಯ ಒಂದು ಪಾಲು 10. ಮೂರು ಕಳೆದರೆ 7. ಅದರ ವರ್ಗ 49. ಕೊಂಬೆಯ ಮೇಲಿನ ಒಂದು ಸೇರಿ 50. ಎರಡನೆಯದು? ಐದರ ಐದನೆಯ ಒಂದು ಪಾಲು 1. ಮೂರು ಕಳೆದರೆ –2. ಅದರ ವರ್ಗ 4. ಕೊಂಬೆಯ ಮೇಲಿನ ಒಂದು ಸೇರಿ 5. ಲೆಕ್ಕ ಇಲ್ಲಿಯೂ ತಪ್ಪಿಲ್ಲ. ಆದರೂ ಭಾಸ್ಕರ ಈ ಎರಡನೆಯ ಉತ್ತರವನ್ನು ತೆಗೆದುಕೊಳ್ಳಬಾರದು ಎನ್ನುತ್ತಾನೆ. ಒಂದು ಕೋತಿಯಿಂದ ಮೂರು ಕೋತಿಗಳನ್ನು ಕಳೆಯುವುದೆಂದರೇನು? ಕಣ್ಣಿಗೆ ಕಾಣುವ ವಸ್ತುವೊಂದು ಋಣವಾಗಿದೆ ಎಂದರೆ ಲೋಕದ ಜನ ನಂಬುವುದಿಲ್ಲ ಎಂಬುದು ಅವನು ಕೊಡುವ ಕಾರಣ.

ಅವನಿಗೆ ಋಣಸಂಖ್ಯೆ ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಧನ ಮತ್ತು ಋಣ ರಾಶಿಗಳನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳಿಂದಲೇ ಅವನ 'ಬೀಜಗಣಿತ' ಆರಂಭವಾಗುತ್ತದೆ. ಋಣರಾಶಿಯನ್ನು ಗುರುತಿಸಲು ಅಂಕಿಯ ತಲೆಯ ಮೇಲೊಂದು ಚುಕ್ಕೆ ಇಡುವ ಪದ್ಧತಿಯನ್ನೂ ಅವನು ಹೇಳುತ್ತಾನೆ. ನಿಯಮಗಳನ್ನೆಲ್ಲ ಬಲ್ಲವನು, ಉತ್ತರ ಸರಿಯಾಗಿ ಬಂದಮೇಲೂ ಅದನ್ನು ಒಪ್ಪಲು ಹಿಂಜರಿದ. ಈ ಹಿಂಜರಿಕೆ ಅವನೊಬ್ಬನದಲ್ಲ. ಋಣಸಂಖ್ಯೆಗಳನ್ನು ಕೂಡುವುದನ್ನು, ಕಳೆಯುವುದನ್ನು ಮನುಷ್ಯ ಬಹಳ ಹಿಂದೆಯೇ ಕಲಿತ. ಆದರೆ ಅಂಥ ಸಂಖ್ಯೆ ಒಂದು ಪ್ರಶ್ನೆಗೆ ಉತ್ತರವಾಗಿ ಎದುರು ನಿಂತಾಗ ಅದನ್ನು ಹೇಗೆ ಓದಬೇಕು ಎಂಬುದು ತಿಳಿಯಲು ಹತ್ತೊಂಬತ್ತನೆಯ ಶತಮಾನದವರೆಗೂ ಒದ್ದಾಡಬೇಕಾಯಿತು.

ಭಾಸ್ಕರನಿಗಿಂತ ಐದು ಶತಮಾನ ಹಿಂದೆ, ಕ್ರಿ.ಶ. 628ರಲ್ಲಿ, ಬ್ರಹ್ಮಗುಪ್ತ 'ಬ್ರಾಹ್ಮಸ್ಫುಟಸಿದ್ಧಾಂತ'ವನ್ನು ಬರೆದು ಮುಗಿಸಿದ. ಆಗ ಅವನಿಗೆ ಮೂವತ್ತು ವರ್ಷ. ಈಗಿನ ರಾಜಸ್ಥಾನದ ಭೀನ್‌ಮಾಲ್ ಅವನ ಊರು ಎನ್ನುತ್ತಾರೆ. ಗ್ರಂಥ ಮುಖ್ಯವಾಗಿ ಖಗೋಳಶಾಸ್ತ್ರದ್ದು. ಆದರೆ ಅದರ ಹದಿನೆಂಟನೆಯ ಅಧ್ಯಾಯದಲ್ಲಿ ಧನ, ಋಣ, ಶೂನ್ಯ ಈ ಮೂರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ, ಅವುಗಳ ನಡುವಿನ ವ್ಯವಹಾರಕ್ಕೆ ಕೆಲವೇ ಸಾಲುಗಳಲ್ಲಿ ಕಟ್ಟಳೆ ಮಾಡಿಕೊಟ್ಟಿದ್ದಾನೆ. ಎರಡು ಧನಗಳ ಮೊತ್ತ ಧನ. ಎರಡು ಋಣಗಳ ಮೊತ್ತ ಋಣ. ಧನವನ್ನೂ ಋಣವನ್ನೂ ಕೂಡಿದರೆ ಬರುವುದು ಅವುಗಳ ವ್ಯತ್ಯಾಸ. ಎರಡೂ ಸಮವಾಗಿದ್ದರೆ ಶೂನ್ಯ. ಕಳೆಯುವ ನಿಯಮವೂ ಇದೆ: ಶೂನ್ಯದಿಂದ ಋಣವನ್ನು ಕಳೆದರೆ ಧನವಾಗುತ್ತದೆ, ಧನವನ್ನು ಕಳೆದರೆ ಋಣವಾಗುತ್ತದೆ, ಧನದಿಂದ ಋಣವನ್ನು ಕಳೆಯಬೇಕಾದಾಗ ಕೂಡಬೇಕು. ಇಂದಿನ ಶಾಲೆಯ ಮಕ್ಕಳು ಪೂರ್ಣಾಂಕಗಳ ಪಾಠದಲ್ಲಿ ಕಲಿಯುವುದೆಲ್ಲ ಇಷ್ಟರಲ್ಲಿದೆ. (ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದೂ ಅವನು ಹೇಳಿಬಿಟ್ಟ. ಅದು ನಿಲ್ಲಲಿಲ್ಲ.)

ಈ ಕೊನೆಯ ನಿಯಮವೇ, ಅಂದರೆ ಋಣವನ್ನು ಕಳೆದರೆ ಕೂಡಿದಂತೆ ಎಂಬುದೇ, ಮಕ್ಕಳಿಗೆ ಅರ್ಥವಾಗದೆ ಮಂತ್ರದಂತೆ ಬಾಯಿಪಾಠವಾಗುವುದು. 'ಮೈನಸ್ ಮೈನಸ್ ಪ್ಲಸ್' ಎಂದು ತರಗತಿಯೆಲ್ಲ ಒಕ್ಕೊರಲಿನಿಂದ ಹೇಳಿದರೂ, ಯಾಕೆ ಎಂದು ಕೇಳಿದರೆ ಉತ್ತರವಿರುವುದಿಲ್ಲ. ಬ್ರಹ್ಮಗುಪ್ತ ಬಳಸಿದ ಪದಗಳನ್ನೇ ಹಿಡಿದು ಹೊರಟರೆ ವಿಷಯ ತಿಳಿಯಾಗುತ್ತದೆ. ಧನವೆಂದರೆ ಕೈಯಲ್ಲಿರುವ ಹಣ, ಋಣವೆಂದರೆ ಸಾಲ. ಒಬ್ಬ ರೈತನ ಕೈಯಲ್ಲಿ 500 ರೂಪಾಯಿ ಇದೆ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಅವನ ಹೆಸರಿಗೆ 300 ರೂಪಾಯಿ ಬಾಕಿಯಿದೆ. ಅವನ ನಿಜವಾದ ಬದುಕು 200 ರೂಪಾಯಿಯದು. ಅಂಗಡಿಯವನು ಯಾವುದೋ ಒಳ್ಳೆಯ ಗಳಿಗೆಯಲ್ಲಿ ಆ 300ರ ಬಾಕಿಯನ್ನು ಹೊಡೆದುಹಾಕಿದ ಎನ್ನಿ. ರೈತನ ಕೈಗೆ ಹೊಸದಾಗಿ ಒಂದು ಪೈಸೆಯೂ ಬರಲಿಲ್ಲ. ಆದರೂ ಅವನ ಆಸ್ತಿ 200ರಿಂದ 500ಕ್ಕೆ ಏರಿತು. 200ರಿಂದ –300ನ್ನು ಕಳೆದರೆ 500 ಎಂಬ ಮಾತಿಗೆ ಇದಕ್ಕಿಂತ ಹೆಚ್ಚಿನ ಗುಟ್ಟಿಲ್ಲ. 'ಸಾಲ ಮನ್ನಾ' ಎಂಬ ಮಾತನ್ನು ಚುನಾವಣೆಯಿಂದ ಚುನಾವಣೆಗೆ ಕೇಳುತ್ತ ಬಂದ ನಾಡಿನಲ್ಲಿ ಇದನ್ನು ವಿವರಿಸಲು ಕಷ್ಟವಾಗಬಾರದು.

ಕೂಡುವುದೂ ಹಾಗೆಯೇ. ಅದೇ ರೈತನ ಕೈಯಲ್ಲಿ 200 ರೂಪಾಯಿ ಮಾತ್ರ ಇದ್ದು 700 ರೂಪಾಯಿಯ ಸಾಮಾನು ತಂದರೆ, 500 ಉದ್ರಿ ಬೀಳುತ್ತದೆ: 200 – 700 = –500. ಮುಂದಿನ ಸಂತೆಯಲ್ಲಿ 350 ರೂಪಾಯಿ ಗಿಟ್ಟಿತು: –500 + 350 = –150. ಸಾಲ ತೀರಲಿಲ್ಲ, ಕರಗಿತು. ಇಲ್ಲಿ –150 ಎಂಬುದು ಯಾವ ಕಲ್ಪನೆಯೂ ಅಲ್ಲ. ಅಂಗಡಿಯವನ ಪುಸ್ತಕದಲ್ಲಿ ಅದು ಬರೆದಿದೆ, ಅವನು ಕೇಳಲು ಬರುತ್ತಾನೆ.

ಭಾರತೀಯರಿಗೆ ಋಣಸಂಖ್ಯೆ ಹೊಳೆದದ್ದಕ್ಕೆ ನಮ್ಮ ಸಂಸ್ಕೃತಿಯಲ್ಲಿ ಋಣದ ಕಲ್ಪನೆ ಬೇರೂರಿದ್ದೇ ಕಾರಣ ಎಂದು ಹೇಳುವ ಆಸೆ ಆಗುತ್ತದೆ. ಮನುಷ್ಯ ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತು ಬರುತ್ತಾನೆ ಎಂಬುದು ವೈದಿಕ ಕಾಲದ ನಂಬಿಕೆ. ಅಂದರೆ ಬದುಕಿನ ಲೆಕ್ಕ ಸೊನ್ನೆಯಿಂದಲ್ಲ, ಸೊನ್ನೆಗಿಂತ ಕೆಳಗಿನಿಂದ ಶುರುವಾಗುತ್ತದೆ. ಕನ್ನಡದಲ್ಲಿ ಇಂದಿಗೂ ಅನ್ನದ ಋಣ, ಮಣ್ಣಿನ ಋಣ ಎನ್ನುತ್ತೇವೆ. ಒಂದು ಊರಿನ ನಂಟು ಮುಗಿದರೆ ಋಣ ಹರಿಯಿತು ಎನ್ನುತ್ತೇವೆ. ವಾದ ಚೆಂದವೇ. ಆದರೆ ಇದನ್ನು ಹೆಚ್ಚು ಎಳೆಯುವಂತಿಲ್ಲ. ಏಕೆಂದರೆ ದೇವಋಣ, ಪಿತೃಋಣಗಳ ಗೊಡವೆಯಿಲ್ಲದೆ ಚೀನೀಯರು ಬ್ರಹ್ಮಗುಪ್ತನಿಗಿಂತ ಹಲವು ಶತಮಾನ ಮೊದಲೇ ಇದೇ ಜಾಗಕ್ಕೆ ಬಂದು ಮುಟ್ಟಿದ್ದರು.

ಚೀನದ ಪ್ರಾಚೀನ ಗಣಿತಗ್ರಂಥದ ಹೆಸರು 'ಒಂಬತ್ತು ಅಧ್ಯಾಯಗಳು'. ಅದರ ಎಂಟನೆಯ ಅಧ್ಯಾಯ ಪೂರ್ತಿ ಇಂಥ ಸಮೀಕರಣಗಳಿಗೇ ಮೀಸಲು. ಅಲ್ಲಿ ದನದ ಸಂತೆಯ ಒಂದು ಲೆಕ್ಕವಿದೆ. ಒಬ್ಬನು 2 ಎತ್ತು, 5 ಕುರಿ ಮಾರಿ 13 ಹಂದಿ ಕೊಂಡರೆ ಅವನ ಬಳಿ 1,000 ನಾಣ್ಯ ಉಳಿಯುತ್ತದೆ. 3 ಎತ್ತು, 3 ಹಂದಿ ಮಾರಿ 9 ಕುರಿ ಕೊಂಡರೆ ಸರಿಗೆ ಸರಿ. 6 ಕುರಿ, 8 ಹಂದಿ ಮಾರಿ 5 ಎತ್ತು ಕೊಂಡರೆ 600 ನಾಣ್ಯ ಕಡಿಮೆ ಬೀಳುತ್ತದೆ. ಒಂದೊಂದರ ಬೆಲೆ ಎಷ್ಟು? ಮಾರಿದ್ದನ್ನು ಧನವೆಂದೂ ಕೊಂಡದ್ದನ್ನು ಋಣವೆಂದೂ, ಉಳಿದ ಹಣವನ್ನು ಧನವೆಂದೂ ಕಡಿಮೆ ಬಿದ್ದದ್ದನ್ನು ಋಣವೆಂದೂ ಇಟ್ಟುಕೊಂಡು ಬಿಡಿಸಬೇಕು. ಎತ್ತಿಗೆ 1,200, ಕುರಿಗೆ 500, ಹಂದಿಗೆ 300 ಎಂದು ಉತ್ತರ ಬರುತ್ತದೆ. ಬೇಕಾದವರು ತಾಳೆ ನೋಡಬಹುದು.

ಚೀನೀಯರು ಲೆಕ್ಕ ಮಾಡುತ್ತಿದ್ದುದು ಹಲಗೆಯ ಮೇಲೆ ಸಣ್ಣ ಕಡ್ಡಿಗಳನ್ನು ಜೋಡಿಸಿ. ಕ್ರಿ.ಶ. 263ರಲ್ಲಿ ಈ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಲಿಯು ಹುಯಿ, ಧನಕ್ಕೆ ಕೆಂಪು ಕಡ್ಡಿ, ಋಣಕ್ಕೆ ಕಪ್ಪು ಕಡ್ಡಿ ಎಂದು ಹೇಳುತ್ತಾನೆ. ನಷ್ಟವನ್ನು ಕೆಂಪು ಶಾಯಿಯಲ್ಲಿ ಬರೆಯುವ ಈಗಿನ ಲೆಕ್ಕಿಗರ ಪದ್ಧತಿಗೆ ಇದು ತಿರುವುಮುರುವು. ಅವರು ಋಣಕ್ಕೆ ಬಳಸಿದ 'ಫು' ಎಂಬ ಪದಕ್ಕೂ ಬೆನ್ನ ಮೇಲೆ ಹೊರು, ಬಾಕಿ ಇರು ಎಂಬ ಅರ್ಥಗಳಿರುವುದು ಸೋಜಿಗ. ಸಾಲ ಎಲ್ಲ ದೇಶಗಳಲ್ಲಿಯೂ ಬೆನ್ನಿನ ಮೇಲೆಯೇ ಕೂರುತ್ತದೆ.

ಒಂದು ವಿಷಯ ಇಲ್ಲಿ ಗಮನಿಸಬೇಕು. 'ಒಂಬತ್ತು ಅಧ್ಯಾಯಗಳು' ಗ್ರಂಥದಲ್ಲಿ ಲೆಕ್ಕದ ನಡುವೆ ಕಪ್ಪು ಕಡ್ಡಿಗಳು ಧಾರಾಳವಾಗಿ ಬಂದುಹೋಗುತ್ತವೆ. ಕೊನೆಯ ಉತ್ತರ ಮಾತ್ರ ಎಂದೂ ಋಣವಲ್ಲ. ಎತ್ತಿನ ಬೆಲೆ, ಧಾನ್ಯದ ಅಳತೆ, ಎಲ್ಲವೂ ಸೊನ್ನೆಗಿಂತ ಮೇಲೆಯೇ. ಋಣವೆಂಬುದು ಹೊಳೆ ದಾಟುವಾಗಿನ ದೋಣಿ. ಆಚೆ ದಡ ಸೇರಿದ ಮೇಲೆ ಅದನ್ನು ಅಲ್ಲೇ ಬಿಟ್ಟು ನಡೆಯುವುದು. ಭಾಸ್ಕರ ಕೋತಿಗಳ ಲೆಕ್ಕದಲ್ಲಿ ಐದನ್ನು ಬಿಟ್ಟುಕೊಟ್ಟದ್ದೂ ಈ ಮನೋಭಾವದಿಂದಲೇ.

ಕನ್ನಡ ನಾಡಿಗೂ ಈ ಕಥೆಯಲ್ಲಿ ಒಂದು ಪಾಲಿದೆ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ ಇದ್ದ ಜೈನ ಗಣಿತಜ್ಞ ಮಹಾವೀರ 'ಗಣಿತಸಾರಸಂಗ್ರಹ'ವನ್ನು ರಚಿಸಿದ. 'ಕವಿರಾಜಮಾರ್ಗ' ಹುಟ್ಟಿದ್ದೂ ಅದೇ ಆಸ್ಥಾನದಲ್ಲಿ. ಧನದ ವರ್ಗವೂ ಧನ, ಋಣದ ವರ್ಗವೂ ಧನ. ಆದ್ದರಿಂದ ಋಣಸಂಖ್ಯೆ ತನ್ನ ಸ್ವಭಾವದಿಂದಲೇ ವರ್ಗವಲ್ಲ, ಅದಕ್ಕೆ ವರ್ಗಮೂಲ ಇರಲಾರದು ಎಂದು ಮಹಾವೀರ ಸ್ಪಷ್ಟವಾಗಿ ಹೇಳಿದ್ದಾನೆ. ಇಲ್ಲದಿರುವುದನ್ನು ಇಲ್ಲ ಎಂದು ಹೇಳಿ ನಿಲ್ಲಿಸುವುದೂ ಗಣಿತದಲ್ಲಿ ಒಂದು ಕೆಲಸವೇ.

ಭಾಸ್ಕರನನ್ನು ಋಣದ ವಿರೋಧಿ ಎಂದು ತೀರ್ಮಾನಿಸುವ ಮೊದಲು ಅವನ 'ಲೀಲಾವತಿ'ಯ ಒಂದು ತ್ರಿಭುಜವನ್ನು ನೋಡಬೇಕು. ಭುಜಗಳು 10 ಮತ್ತು 17, ಪಾದ 9. ಶೃಂಗದಿಂದ ಪಾದಕ್ಕೆ ಲಂಬ ಇಳಿಸಿದರೆ ಪಾದ ಎರಡು ತುಂಡಾಗಬೇಕು. ಲೆಕ್ಕ ಮಾಡಿದರೆ ಒಂದು ತುಂಡು 15, ಇನ್ನೊಂದು –6. ಒಂಬತ್ತು ಅಳತೆಯ ಗೆರೆಯಲ್ಲಿ ಹದಿನೈದರ ತುಂಡು! ಇಲ್ಲಿ ಅವನು ಉತ್ತರವನ್ನು ತಳ್ಳಿಹಾಕುವುದಿಲ್ಲ. ಋಣ ಎಂದರೆ ವಿರುದ್ಧ ದಿಕ್ಕಿನಲ್ಲಿದೆ ಎಂದರ್ಥ ಎನ್ನುತ್ತಾನೆ. ಲಂಬ ಪಾದದ ಒಳಗೆ ಬೀಳದೆ ಆರು ಅಳತೆಯಷ್ಟು ಹೊರಗೆ ಬಿದ್ದಿದೆ. 15ರಿಂದ 6 ಹೋದರೆ 9, ಸರಿಹೋಯಿತು. ಚಿತ್ರ ಬರೆದು ನೋಡಿದರೆ ಯಾರಿಗಾದರೂ ಕಾಣುತ್ತದೆ. ಹಾಗಾಗಿ ಭಾಸ್ಕರನ ನಿಲುವು ಕುರುಡು ನಿರಾಕರಣೆಯದಲ್ಲ. ಗೆರೆಗೆ ಹಿಂದುಮುಂದು ಇದೆ, ಅಲ್ಲಿ ಋಣಕ್ಕೆ ಅರ್ಥ ಉಂಟು. ಕೋತಿಗೆ ಅಂಥ ಹಿಂದುಮುಂದು ಇಲ್ಲ. ಪ್ರಶ್ನೆಯಲ್ಲಿರುವ ವಸ್ತುವನ್ನು ನೋಡಿ ಉತ್ತರವನ್ನು ಒಪ್ಪಬೇಕೋ ಬಿಡಬೇಕೋ ಎಂದು ಅವನು ತೀರ್ಮಾನಿಸುತ್ತಿದ್ದ. ಯೂರೋಪಿನ ಪಂಡಿತರು ಈ ವಿವೇಕಕ್ಕೆ ಬರಲು ಬಹಳ ಕಾಲ ಹಿಡಿಯಿತು.

ಗ್ರೀಕ್ ಗಣಿತಜ್ಞ ಡಯೋಫಾಂಟಸ್ ಒಂದು ಕಡೆ, 4 ಅಜ್ಞಾತಗಳಿಗೆ 20 ಕೂಡಿದರೆ 4 ಆಗುತ್ತದೆ ಎಂಬಂಥ ಸಮೀಕರಣ ಎದುರಾದಾಗ ಅದನ್ನು ಅಸಂಬದ್ಧವೆಂದು ಕೈಬಿಟ್ಟ. ಉತ್ತರ –4 ಎಂದು ಇಂದಿನ ಹುಡುಗರು ಹೇಳಿಯಾರು. ಭಾರತದ ಅಂಕಿಗಳೂ ಸೊನ್ನೆಯೂ ಬಾಗ್ದಾದಿನ ಮೂಲಕ ಪಶ್ಚಿಮಕ್ಕೆ ಹೋದವು. ಋಣಸಂಖ್ಯೆ ಹಾಗೆ ಸಲೀಸಾಗಿ ಹೋಗಲಿಲ್ಲ. ಒಂಬತ್ತನೆಯ ಶತಮಾನದ ಬಾಗ್ದಾದಿನ ಅಲ್ ಖ್ವಾರಿಜ್ಮಿ ಸಮೀಕರಣಗಳನ್ನು ಆರು ಬಗೆಯಾಗಿ ವಿಂಗಡಿಸಿದ್ದೇ, ಯಾವ ಪದವೂ ಋಣವಾಗಿ ಉಳಿಯಬಾರದು ಎಂಬ ಕಾರಣಕ್ಕೆ. ಕಳೆಯಬೇಕಾದದ್ದನ್ನು ಎರಡೂ ಕಡೆ ಕೂಡಿ ತುಂಬಿಕೊಡುವ ಕ್ರಿಯೆಗೆ ಅವನಿಟ್ಟ 'ಅಲ್ ಜಬ್ರ್' ಎಂಬ ಹೆಸರೇ 'ಆಲ್ಜಿಬ್ರ' ಆಯಿತು. ಋಣವನ್ನು ಹೊರಗಟ್ಟುವ ಉಪಾಯವೇ ಶಾಸ್ತ್ರಕ್ಕೆ ಹೆಸರಾದದ್ದು ವಿಚಿತ್ರ. 1202ರಲ್ಲಿ 'ಲಿಬರ್ ಅಬಾಚಿ' ಬರೆದ ಇಟಲಿಯ ಫಿಬೊನಾಚಿ ವರ್ತಕರ ಲೆಕ್ಕ ಬಲ್ಲವನಾದ್ದರಿಂದ, ಹಣದ ಪ್ರಶ್ನೆಯಲ್ಲಿ ಋಣ ಉತ್ತರ ಬಂದರೆ ಅದನ್ನು ಸಾಲವೆಂದು ಓದಿದ. ವಿದ್ವಾಂಸರು ಅಷ್ಟು ಉದಾರಿಗಳಾಗಲಿಲ್ಲ. 1544ರಲ್ಲಿ ಜರ್ಮನಿಯ ಸ್ಟಿಫೆಲ್ ಅವನ್ನು ಅಸಂಬದ್ಧ ಸಂಖ್ಯೆಗಳೆಂದ, ಮರುವರ್ಷ ಇಟಲಿಯ ಕಾರ್ಡಾನೊ ಕಲ್ಪಿತ ಎಂದ, 1637ರಲ್ಲಿ ದೆಕಾರ್ತ್ ಸುಳ್ಳು ಮೂಲಗಳು ಎಂದ. 1685ರಲ್ಲಿ ಇಂಗ್ಲೆಂಡಿನ ಜಾನ್ ವಾಲಿಸ್, ಗೆರೆಯೊಂದರ ಮೇಲೆ ಐದು ಗಜ ಮುಂದೆ ನಡೆದು ಎಂಟು ಗಜ ಹಿಂದೆ ಸರಿದವನು ಹೊರಟ ಜಾಗಕ್ಕಿಂತ ಮೂರು ಗಜ ಹಿಂದಿರುತ್ತಾನೆ, ಅದೇ –3 ಎಂದು ವಿವರಿಸಿದ. 'ಲೀಲಾವತಿ'ಯ ತ್ರಿಭುಜದಲ್ಲಿದ್ದುದೂ ಇದೇ ಮಾತು.

ಈ ಹೊತ್ತಿಗೆ + ಮತ್ತು – ಚಿಹ್ನೆಗಳು ಬಳಕೆಗೆ ಬಂದಿದ್ದವು. ಇವು ಮೊದಲು ಅಚ್ಚಿನಲ್ಲಿ ಕಂಡದ್ದು 1489ರಲ್ಲಿ, ಲೀಪ್‌ಜಿಗ್‌ನಲ್ಲಿ ಪ್ರಕಟವಾದ ವಿಡ್ಮನ್‌ನ ವರ್ತಕರ ಗಣಿತ ಪುಸ್ತಕದಲ್ಲಿ. 1881ರಲ್ಲಿ ಪೆಶಾವರದ ಸಮೀಪ ಬಕ್ಷಾಲಿ ಎಂಬ ಹಳ್ಳಿಯಲ್ಲಿ ಸಿಕ್ಕ ಭೂರ್ಜಪತ್ರದ ಹಳೆಯ ಹಸ್ತಪ್ರತಿಯಲ್ಲಿ ಋಣಸಂಖ್ಯೆಯ ಪಕ್ಕ ಹಾಕಿರುವ ಗುರುತು ಯಾವುದು ಗೊತ್ತೇ? +.

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನಲ್ಲಿ ಋಣಸಂಖ್ಯೆಯ ಮೇಲೆ ಕೊನೆಯ ದೊಡ್ಡ ದಂಡಯಾತ್ರೆ ನಡೆಯಿತು. ವಕೀಲನಾಗಿದ್ದ ಫ್ರಾನ್ಸಿಸ್ ಮಸೆರಸ್ 1758ರಲ್ಲಿ, ಕೇಂಬ್ರಿಜ್‌ನ ವಿಲಿಯಂ ಫ್ರೆಂಡ್ 1796ರಲ್ಲಿ, ಚಿಕ್ಕದರಿಂದ ದೊಡ್ಡದನ್ನು ಕಳೆಯುವ ಮಾತೇ ಹಾಸ್ಯಾಸ್ಪದ ಎಂದು ವಾದಿಸಿದರು. ಫ್ರೆಂಡ್ ತನ್ನ ಬೀಜಗಣಿತದ ಪುಸ್ತಕದಿಂದ ಋಣವನ್ನು ಪೂರ್ತಿ ಗಡೀಪಾರು ಮಾಡಿದ. ಅವನನ್ನು ನೋಡಿ ನಗುವುದು ಸುಲಭ, ಆದರೆ ಅವನ ಒಂದು ಪ್ರಶ್ನೆ ಗಟ್ಟಿಯಾದದ್ದು. ಒಂದು ಶಾಸ್ತ್ರದ ಮೂಲತತ್ವವನ್ನು ಸಾಲದ ಉಪಮೆ ತಂದೇ ವಿವರಿಸಬೇಕೆಂದಾದರೆ, ವಿವರಿಸುವವನು ಅದನ್ನು ಸರಿಯಾಗಿ ಯೋಚಿಸಿಲ್ಲ ಎಂಬುದು ಅವನ ಆಕ್ಷೇಪ. ಇದರಲ್ಲಿ ಹುರುಳಿದೆ. ಸಾಲಕ್ಕೆ ಸಾಲ ಕೂಡಿದರೆ ಹೆಚ್ಚು ಸಾಲ, ಸಾಲವನ್ನು ಕಳೆದರೆ ಲಾಭ, ಇಷ್ಟರವರೆಗೆ ಉಪಮೆ ನಡೆಯುತ್ತದೆ. ಸಾಲವನ್ನು ಸಾಲದಿಂದ ಗುಣಿಸುವುದೆಂದರೇನು? ಮುನ್ನೂರು ರೂಪಾಯಿ ಸಾಲವನ್ನು ಇನ್ನೂರು ರೂಪಾಯಿ ಸಾಲದಿಂದ ಗುಣಿಸಿ ಅರವತ್ತು ಸಾವಿರದ ಒಡೆಯನಾದವನು ಯಾವ ಊರಿನಲ್ಲೂ ಇಲ್ಲ. ಬ್ರಹ್ಮಗುಪ್ತ ಆ ನಿಯಮವನ್ನೂ ಕೊಟ್ಟಿದ್ದ, ಆದರೆ ಉಪಮೆಯ ಬಲದಿಂದಲ್ಲ. ಕೂಡುವ, ಕಳೆಯುವ, ಗುಣಿಸುವ ನಿಯಮಗಳೆಲ್ಲ ಒಂದಕ್ಕೊಂದು ಹೊಂದಬೇಕಾದರೆ ಋಣ ಗುಣ ಋಣ ಧನವೇ ಆಗಬೇಕು. 1817ರಲ್ಲಿ ಕೋಲ್‌ಬ್ರೂಕ್ ಬ್ರಹ್ಮಗುಪ್ತ, ಭಾಸ್ಕರರ ಗಣಿತವನ್ನು ಇಂಗ್ಲಿಷಿಗೆ ಅನುವಾದಿಸಿ ಲಂಡನ್ನಿನಲ್ಲಿ ಪ್ರಕಟಿಸಿದ. 1830ರಲ್ಲಿ ಜಾರ್ಜ್ ಪೀಕಾಕ್, ಚಿಹ್ನೆಗಳು ಏನನ್ನು ಸೂಚಿಸುತ್ತವೆ ಎಂಬುದಕ್ಕಿಂತ ಯಾವ ನಿಯಮಗಳಿಗೆ ಬದ್ಧವಾಗಿವೆ ಎಂಬುದೇ ಮುಖ್ಯ ಎಂಬ ಹೊಸ ದೃಷ್ಟಿಯ ಬೀಜಗಣಿತವನ್ನು ಹೊರತಂದ.

ಉತ್ತರವನ್ನು ಓದುವ ಬಗೆಯನ್ನು ಸಾಮಾನ್ಯ ವಿದ್ಯಾರ್ಥಿಗೆ ಬಿಡಿಸಿ ಹೇಳಿದವನು ಆಗಸ್ಟಸ್ ಡಿ ಮಾರ್ಗನ್. ಈತ ಹುಟ್ಟಿದ್ದು 1806ರಲ್ಲಿ ನಮ್ಮ ನೆರೆಯ ಮಧುರೆಯಲ್ಲಿ. ತಂದೆ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಾಧಿಕಾರಿ. ಕೂಸಾಗಿದ್ದಾಗಲೇ ಇಂಗ್ಲೆಂಡಿಗೆ ಹೋದ. 1831ರ ಒಂದು ಪುಸ್ತಕದಲ್ಲಿ ಅವನು ಕೊಡುವ ಲೆಕ್ಕ: ತಂದೆಗೆ 56 ವರ್ಷ, ಮಗನಿಗೆ 29. ಎಷ್ಟು ವರ್ಷಗಳ ನಂತರ ತಂದೆಯ ವಯಸ್ಸು ಮಗನ ವಯಸ್ಸಿನ ಎರಡರಷ್ಟಾಗುತ್ತದೆ? ಸಮೀಕರಣ ಹೂಡಿದರೆ 56 + ಕ್ಷ = 58 + 2ಕ್ಷ; ಉತ್ತರ –2. ಇದನ್ನು ಅಸಂಬದ್ಧವೆಂದು ಎಸೆಯಬೇಕಿಲ್ಲ. ಪ್ರಶ್ನೆಯಲ್ಲಿ 'ನಂತರ' ಎಂದಿದ್ದುದೇ ತಪ್ಪು. 'ಹಿಂದೆ' ಎಂದು ತಿದ್ದಿಕೊಂಡರೆ ಉತ್ತರ 2. ಎರಡು ವರ್ಷದ ಹಿಂದೆ ತಂದೆಗೆ 54, ಮಗನಿಗೆ 27. ಕೇಳಿದವನು ತಿರುಗಿ ನಿಂತ ದಿಕ್ಕು ತಪ್ಪಿತ್ತು, ಲೆಕ್ಕ ಅದನ್ನು ತೋರಿಸಿಕೊಟ್ಟಿತು. ಇದನ್ನು ಬರೆದ ಆರು ವರ್ಷಕ್ಕೆ ಡಿ ಮಾರ್ಗನ್ ಮದುವೆಯಾದದ್ದು ಸೋಫಿಯಾ ಎಂಬವಳನ್ನು. ಅವಳ ತಂದೆ ವಿಲಿಯಂ ಫ್ರೆಂಡ್, ಋಣವನ್ನು ಗಡೀಪಾರು ಮಾಡಿದ ಅದೇ ಫ್ರೆಂಡ್.

ಪಂಡಿತರ ಜಗಳ ಅಲ್ಲಿಗೆ ಮುಗಿದರೂ ಲೋಕದ ಜನ ನಂಬುವುದಿಲ್ಲ ಎಂದ ಭಾಸ್ಕರನ ಮಾತು ಪೂರ್ತಿ ಹಳತಾಗಿಲ್ಲ. 2007ರಲ್ಲಿ ಬ್ರಿಟನ್ನಿನಲ್ಲಿ, ಕೊಟ್ಟಿರುವ ಉಷ್ಣಾಂಶಕ್ಕಿಂತ ಕಡಿಮೆ ಉಷ್ಣಾಂಶ ಕಂಡರೆ ಬಹುಮಾನ ಎಂಬ ಉಜ್ಜಿ ನೋಡುವ ಲಾಟರಿ ಚೀಟಿ ಬಂತು. –8ಕ್ಕಿಂತ –6 ಕಡಿಮೆ ಎಂದು ವಾದಿಸಿ ಬಹುಮಾನ ಕೇಳಿದವರ ಗಲಾಟೆ ತಾಳಲಾರದೆ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. 2020ರ ಏಪ್ರಿಲ್ 20ರಂದು, ಕೋವಿಡ್‌ನಿಂದ ಬೇಡಿಕೆ ಕುಸಿದು ಸಂಗ್ರಹಾಗಾರಗಳು ತುಂಬುತ್ತಿದ್ದಾಗ, ಅಮೆರಿಕದ ಕಚ್ಚಾ ತೈಲದ ಮೇ ತಿಂಗಳ ವಾಯಿದೆ ಬೆಲೆ ಪೀಪಾಯಿಗೆ –37.63 ಡಾಲರಿಗೆ ಇಳಿಯಿತು. ಕೆಲವು ದಲ್ಲಾಳಿಗಳ ಕಂಪ್ಯೂಟರುಗಳಿಗೆ ಸೊನ್ನೆಗಿಂತ ಕೆಳಗಿನ ಬೆಲೆಯನ್ನು ಒಪ್ಪಿಕೊಳ್ಳುವುದೇ ಗೊತ್ತಿರಲಿಲ್ಲ. ಆ ಬೆಲೆಗೆ ಸಾವಿರ ಪೀಪಾಯಿ ಕೊಂಡವನು ತನ್ನ ಹಣದಿಂದ –37,630 ಡಾಲರ್ ಕಳೆದುಕೊಂಡ, ಅಂದರೆ ಬ್ರಹ್ಮಗುಪ್ತನ ನಿಯಮದಂತೆ ಅಷ್ಟನ್ನು ಕೂಡಿಕೊಂಡ. ಎಣ್ಣೆಯನ್ನು ಎಲ್ಲಿ ಇಡುವುದು ಎಂಬ ಚಿಂತೆ ಅವನಿಗೆ ಬಿಟ್ಟದ್ದು.